ನೋಯುವ ಭಂಗಿಯಲ್ಲೇ ಚಿತ್ರ ತೆಗೆದವರು

ಬಯಲುಸೀಮೆಯ ಆಸ್ಪತ್ರೆಗಳಲ್ಲಿ ಎಕ್ಸ್-ರೇ ವಿಭಾಗವೆಂದರೆ ಮುರಿದ ಎಲುಬನ್ನು ಮುರಿದಿದೆ ಎಂದು ಹೇಳುವ ಕತ್ತಲೆ ಕೋಣೆಯಷ್ಟೇ ಆಗಿದ್ದ ಕಾಲದಲ್ಲಿ, ಮುರಿಯದ ಎಲುಬೂ ನೋಯಬಲ್ಲುದು, ಆ ನೋವಿಗೂ ಒಂದು ಚಿತ್ರವಿರುತ್ತದೆ, ಅದನ್ನು ಹಿಡಿಯುವವರಿಗೆ ತಾಳ್ಮೆಯಿರಬೇಕು ಎಂದು ತಮ್ಮ ಕೆಲಸದಿಂದಲೇ ತೋರಿಸಿಕೊಟ್ಟವರು ಡಾ. ಜಗದಾಂಬ ಅವರು. ದೊಡ್ಡ ಊರುಗಳ ವೈದ್ಯ ಸಮ್ಮೇಳನಗಳಲ್ಲಿ ಅವರ ಹೆಸರು ಅಷ್ಟಾಗಿ ಕೇಳಿಬಂದಿರಲಿಕ್ಕಿಲ್ಲ. ಆದರೆ ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಮೊಣಕಾಲು ಹಿಡಿದುಕೊಂಡು ಬಸ್ಸು ಹತ್ತಿದವರಲ್ಲಿ ಅವರ ಹೆಸರು ಕೇಳದವರು ವಿರಳ. ಅಂಥವರು ಇದೇ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ಈ ಅಭಿನಂದನ ಗ್ರಂಥಕ್ಕೆ ಲೇಖನ ಕೇಳಲು ಬಂದ ಸಮಿತಿಯವರು, ‘ಸಿಸ್ಟರ್, ಸ್ವಲ್ಪ ಸಿಟ್ಟು ಕಡಿಮೆ ಮಾಡಿಕೊಂಡು ಬರೆಯಿರಿ’ ಎಂದು ಮೊದಲೇ ಹೇಳಿ ಹೋಗಿದ್ದಾರೆ. ಪುಷ್ಪಲತಾ ಸಿಸ್ಟರ್‌ಗೆ ಮೂಗಿನ ತುದಿಯಲ್ಲೇ ಕೋಪ ಎಂಬ ಕೀರ್ತಿ ಚಳ್ಳಕೆರೆಯ ನಮ್ಮ ಸರ್ಕಾರಿ ಆಸ್ಪತ್ರೆಯ ಗೇಟು ದಾಟಿ ಊರಿನ ಎಣ್ಣೆ ಮಿಲ್ಲುಗಳವರೆಗೂ ಹಬ್ಬಿರುವುದು ನನಗೆ ಗೊತ್ತು. ಇರಲಿ. ಮೇಡಂ ಅವರನ್ನು ಹೊಗಳಲು ನನಗೆ ಸಿಟ್ಟು ಅಡ್ಡಬರುವುದಿಲ್ಲ. ಅವರ ಜೊತೆ ಅತಿ ಹೆಚ್ಚು ಜಗಳವಾಡಿದವಳು ನಾನೇ ಆದ್ದರಿಂದ ನನ್ನ ಹೊಗಳಿಕೆಗೆ ಒಂದು ತೂಕ ಹೆಚ್ಚೇ ಇರಬೇಕು.

ಮೇಡಂ ನಮ್ಮಲ್ಲಿಗೆ ವರ್ಗವಾಗಿ ಬಂದದ್ದು ೧೯೯೩ರ ಬೇಸಿಗೆಯಲ್ಲಿ, ತುಮಕೂರಿನ ಕಡೆಯಿಂದ. ಆಗ ವಿಭಾಗದಲ್ಲಿದ್ದದ್ದು ಹಳೆಯದೊಂದು ಯಂತ್ರ, ಅದರ ಗುಟ್ಟೆಲ್ಲ ಬಲ್ಲ ತಂತ್ರಜ್ಞ ಕಲ್ಲೇಶಪ್ಪನವರು, ಮತ್ತು ನಾನು. ಕರೆಂಟು ಬಂದಾಗ ಚಿತ್ರ, ಹೋದಾಗ ಹರಟೆ. ಮೇಡಂ ಬಂದ ಮೇಲೆ ಕರೆಂಟು ಹೋದಾಗಲೂ ಕೆಲಸ ಶುರುವಾಯಿತು. ಸಾಲಿನಲ್ಲಿ ಕುಳಿತವರನ್ನು ಒಬ್ಬೊಬ್ಬರನ್ನಾಗಿ ಕರೆದು, ಏನು ಮಾಡುವಾಗ ನೋಯುತ್ತದೆ ಎಂದು ಕೇಳುವರು. ಬಾಯಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಬೇಕು. ಕಡಲೆಕಾಯಿ ಬಿಡಿಸುವ ಹೆಂಗಸು ಕಾರಿಡಾರಿನಲ್ಲೇ ಕುಕ್ಕರಗಾಲಿನಲ್ಲಿ ಕೂರಬೇಕು, ಮೂಟೆ ಹೊರುವವನು ಮೂಟೆಯಿಲ್ಲದೆಯೇ ಬಗ್ಗಿ ಏಳಬೇಕು. ಇದನ್ನು ನೋಡಲು ಹೊರರೋಗಿಗಳ ವಿಭಾಗದಿಂದಲೂ ಜನ ಬಂದು ನಿಲ್ಲುತ್ತಿದ್ದರು. ಇದೇನು ಆಸ್ಪತ್ರೆಯೋ ನಾಟಕದ ಕಂಪನಿಯೋ ಎಂದು ನಾನು ಗೊಣಗಿದ್ದುಂಟು. ಮೇಡಂ ಕೇಳಿಸಿಕೊಂಡೂ ಕೇಳಿಸದವರಂತೆ ಮುಂದಿನವರನ್ನು ಕರೆಯುತ್ತಿದ್ದರು.

ಆದರೆ ಈ ನಾಟಕದ ಬೆಲೆ ನನಗೆ ತಿಳಿದದ್ದು ನನ್ನಿವಾಳದ ಚಿತ್ತಯ್ಯನವರು ಬಂದ ದಿನ. ಕುರಿಗಳ ಹಿಂದೆ ನಡೆದೇ ಆಯುಷ್ಯ ಸವೆಸಿದ ಹಿರಿಯರು. ಮೊಣಕಾಲು ನೋವೆಂದು ಎಷ್ಟೋ ಸಲ ಬೇರೆ ಬೇರೆ ಕಡೆ ಚಿತ್ರ ತೆಗೆಸಿದ್ದರು, ಎಲ್ಲೆಡೆಯೂ ಕೀಲು ಚೆನ್ನಾಗಿದೆ ಎಂಬ ಒಂದೇ ಮಾತು. ಮೇಡಂ ಅವರನ್ನು ಮೇಜಿನ ಮೇಲೆ ಮಲಗಿಸಲೇ ಇಲ್ಲ. ಫಿಲಂ ಪ್ಲೇಟನ್ನು ಗೋಡೆಗೆ ಆನಿಸಿ, ಎರಡೂ ಕಾಲಿನ ಮೇಲೆ ನೆಟ್ಟಗೆ ನಿಲ್ಲಿಸಿ ಚಿತ್ರ ತೆಗೆಸಿದರು. ಮಲಗಿದಾಗ ಎರಡು ಎಲುಬುಗಳ ನಡುವೆ ಇದ್ದಂತೆ ಕಾಣುತ್ತಿದ್ದ ಸಂದು ಮೈಭಾರ ಬಿದ್ದ ಕೂಡಲೇ ಒಂದು ಕಡೆ ಪೂರಾ ಮುಚ್ಚಿಹೋಗಿತ್ತು. ಕುರಿ ಕಾಯುವವನು ಮಲಗಿಕೊಂಡು ಕಾಯುತ್ತಾನೆಯೇ ಎಂದು ಮೇಡಂ ನಮ್ಮಿಬ್ಬರನ್ನೂ ಕೇಳಿದರು. ಅಂದಿನಿಂದ ಕಲ್ಲೇಶಪ್ಪನವರು ಯಾರನ್ನೂ ವಿಚಾರಿಸದೆ ಮಲಗಿಸಿದ್ದನ್ನು ನಾನು ಕಾಣೆ.

ಅವರಿಗೆ ಇನ್ನೊಂದು ಚಟವಿತ್ತು. ಆಸ್ಪತ್ರೆಯ ಆವರಣದಲ್ಲಿ ಯಾರ ಕಂಕುಳಲ್ಲಿ ಎಕ್ಸ್-ರೇ ಕವರು ಕಂಡರೂ ಬಿಡುತ್ತಿರಲಿಲ್ಲ. ಅದು ನಮ್ಮಲ್ಲಿ ತೆಗೆದದ್ದಾಗಿರಲಿ, ಬೇರೆ ಊರಿನದಾಗಿರಲಿ, ಕೊಡಿ ನೋಡೋಣ ಎಂದು ಕೈ ಚಾಚಿ, ಬಿಸಿಲಿಗೆ ಎತ್ತಿ ಹಿಡಿದು ನೋಡಿಯೇ ಮುಂದೆ ಹೋಗಬೇಕು. ಊಟದ ಹೊತ್ತು ಮೀರುತ್ತಿದೆ ಎಂದು ನಾನು ಕೂಗಿಕೊಂಡರೂ ಅಷ್ಟೆ. ಈ ಚಟದಿಂದ ನಮಗೆ ಎಷ್ಟೋ ಮಧ್ಯಾಹ್ನ ತಣ್ಣನೆಯ ಮುದ್ದೆಯೇ ಗತಿಯಾಯಿತು. ಹಾಗೆಯೇ ಒಬ್ಬ ಹೆಣ್ಣುಮಗಳ ಕಾಲೂ ಉಳಿಯಿತು. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಆ ಸಂಗತಿಯನ್ನೇ.

೧೯೯೯ರ ಮಾತು. ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಮನೆಯ ಅನ್ನಪೂರ್ಣಮ್ಮ ತಮ್ಮ ಮಗಳು ಶ್ರುತಿಯನ್ನು ರಕ್ತಪರೀಕ್ಷೆಗೆಂದು ನಮ್ಮಲ್ಲಿಗೆ ಕರೆತಂದಿದ್ದರು. ಹುಡುಗಿಗೆ ಇಪ್ಪತ್ತು ತುಂಬಿರಲಿಲ್ಲ. ತಂದೆ ತೀರಿಕೊಂಡ ಮೇಲೆ ನೆಲದ ಗುಂಡಿಗೆ ಕಾಲು ಇಳಿಬಿಟ್ಟು ತುಳಿಯುವ ಅವರ ಗುಂಡಿ ಮಗ್ಗದಲ್ಲಿ ಕುಳಿತು, ತಂದೆಯ ಕೈಬರಹದಂಥ ಅಂಚನ್ನೇ ನೇಯುತ್ತಿದ್ದವಳು. ಕೆಲವು ತಿಂಗಳಿಂದ ಬಲ ಮೊಣಕಾಲಿನ ಚಿಪ್ಪಿನ ಸುತ್ತ ನೋವು, ಎದ್ದರೆ ಕಾಲು ಕುಸಿದುಬಿಡುತ್ತಿತ್ತು. ದೂರದ ಊರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಚಿತ್ರ ತೆಗೆದು, ಎಲುಬಿನ ಚೂರುಗಳು ಕೀಲಿನೊಳಗೆ ಬಿದ್ದಿವೆ, ಕೊಯ್ದು ತೆಗೆಯಬೇಕು, ಚಿಪ್ಪು ಕೆಟ್ಟಿದ್ದರೆ ಅದನ್ನೂ ತೆಗೆಯಬೇಕಾದೀತು ಎಂದು ಹೇಳಿ ದಿನ ಗೊತ್ತುಮಾಡಿದ್ದರು; ರಕ್ತಪರೀಕ್ಷೆಯೂ ಅದಕ್ಕಾಗಿಯೇ. ಚಿಪ್ಪು ಹೋದರೆ ಆ ಕಾಲಿಗೆ ಮಗ್ಗ ತುಳಿಯುವ ಶಕ್ತಿ ಮತ್ತೆ ಬರುವುದು ಕಷ್ಟ. ಮಗ್ಗ ಬಿಟ್ಟರೆ ಜೀವನವೆಲ್ಲ ಮೂಲೆಯಲ್ಲಿ ಕುಳಿತು ನೂಲು ಸುತ್ತುವುದೇ ಎಂದು ಹುಡುಗಿ ಒಳಗೊಳಗೇ ಬೆಂದುಹೋಗಿದ್ದಳು.

ಕಾರಿಡಾರಿನಲ್ಲಿ ಮೇಡಂ ಕಣ್ಣಿಗೆ ಕವರು ಬಿತ್ತು. ಫಿಲಂ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಚಿಪ್ಪಿನ ಒಳಮಗ್ಗುಲಿಗೆ ಜೋಳದ ಕಾಳಿನಷ್ಟು ದಪ್ಪದ ಮೂರು ಬಿಳಿ ಚುಕ್ಕೆಗಳು ನನಗೂ ಕಂಡವು. ಬಹಳ ಹೊತ್ತು ನೋಡಿದ ಮೇಲೆ ಮೇಡಂ ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದರು: “ಚೂರು ಎಲುಬಿನದೇ ಆದರೆ ಎಲುಬಿಗಿಂತ ಬೆಳ್ಳಗೆ ಹೇಗಿರುತ್ತೆ ಪುಷ್ಪ? ಇದು ಲೋಹ.”

ತಾಯಿ ಮಗಳಿಬ್ಬರನ್ನೂ ಮೇಡಂ ಒಳಗೆ ಕರೆದು, ಕಲ್ಲೇಶಪ್ಪನವರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಸಿದರು. ತಾಯಿ ಮಗಳ ಮನೆಮಾತು ತೆಲುಗು. ನಾನು ನೆರೆಹೊರೆಯಲ್ಲಿ ಕಲಿತ ತೆಲುಗಿನಲ್ಲಿ ನಿಧಾನಕ್ಕೆ ವಿಚಾರಿಸಿದೆ. ಅನ್ನಪೂರ್ಣಮ್ಮ ಮೊದಲು ಬಾಗಿಲಿಗೆ ಅಗಳಿ ಹಾಕಿದೆಯೇ ಎಂದು ನೋಡಿದರು. ಆಮೇಲೆ ಮಗಳ ಲಂಗವನ್ನು ಮೊಣಕಾಲಿನವರೆಗೆ ಸರಿಸಿದರು. ಮಗ್ಗದಲ್ಲಿ ಉಳಿದ ರೇಷ್ಮೆ ಮತ್ತು ಜರಿಯ ಎಳೆಗಳನ್ನು ಹೊಸೆದು, ಮೂರು ಗಂಟು ಹಾಕಿ, ಕಾಲಿಗೆ ಕಟ್ಟಿದ್ದರು. ಕೈಯೋ ಕಾಲೋ ನೊಂದಾಗ ಮನೆದೇವತೆ ಚೌಡಮ್ಮನಿಗೆ ಹೀಗೆ ಹರಕೆ ಕಟ್ಟುವುದು, ಮಗ್ಗದ ಮೇಲಿರುವ ಸೀರೆ ನೇಯ್ದು ಮುಗಿಸಿ ಕೊಯ್ದು ಇಳಿಸುವವರೆಗೆ ಬಿಚ್ಚದಿರುವುದು, ಗಂಡಸರ ಮುಂದೆ ಅದರ ಮಾತೆತ್ತದಿರುವುದು ಅವರ ಮನೆತನದ ರೂಢಿ. ಆ ಆಸ್ಪತ್ರೆಯಲ್ಲಿ ಚಿತ್ರ ತೆಗೆದವನು ಗಂಡಸು. ಲಂಗದ ಮೇಲಿಂದಲೇ ತೆಗಿ ಎಂದು ಅನ್ನಪೂರ್ಣಮ್ಮ ಅಂದರಂತೆ, ಅವನು ತೆಗೆದನಂತೆ. ಜರಿಯ ಗಂಟುಗಳು ಎಲುಬಿನ ಚೂರುಗಳಾಗಿ ಕುಳಿತದ್ದು ಹೀಗೆ.

ನನಗೆ ಸಿಟ್ಟು ನೆತ್ತಿಗೇರಿತು. ಕತ್ತರಿ ತಂದೆ. ಆ ಹುಡುಗಿ ಎರಡೂ ಕೈಯಲ್ಲಿ ಮೊಣಕಾಲು ಮುಚ್ಚಿಕೊಂಡು ಹಿಂದೆ ಸರಿದಳು. ಮೇಡಂ ನನ್ನ ಕೈಯಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟು, ದೇವರ ಗಂಟು ಬಿಚ್ಚುವುದು ಬೇಡ, ಮೇಲಕ್ಕೆ ಸರಿಸಿದರೆ ಚೌಡಮ್ಮ ಬೇಸರ ಮಾಡಿಕೊಳ್ಳುತ್ತಾಳೆಯೇ ಕೇಳು ಅಂದರು. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಸರಿಸಬಹುದು ಎಂದು ಅನ್ನಪೂರ್ಣಮ್ಮನೇ ಹೇಳಿ, ತಮ್ಮ ಕೈಯಿಂದಲೇ ಅದನ್ನು ತೊಡೆಯ ಮೇಲಕ್ಕೆ ಏರಿಸಿದರು. ಹೊಟ್ಟೆಯ ಮೇಲೆ ಸೀಸದ ಏಪ್ರನ್ ಹೊದಿಸಿ ಹೊಸ ಚಿತ್ರ ತೆಗೆದೆವು. ಚುಕ್ಕೆಗಳು ಮಾಯವಾಗಿದ್ದವು. ಮೊಣಕಾಲನ್ನು ಪೂರಾ ಮಡಿಸಿ ಇನ್ನೊಂದು ಚಿತ್ರ ತೆಗೆದರೆ ಚಿಪ್ಪು ತನ್ನ ಜಾಗದಲ್ಲಿ ಸೊಗಸಾಗಿ ಕೂತಿತ್ತು. ಆ ದೂರದೂರಿನ ವೈದ್ಯರಿಗೆ ಮೇಡಂ ತಾವೇ ಫೋನು ಮಾಡಿ ವಿಷಯ ತಿಳಿಸಿದರು; ಅವರೂ ದೊಡ್ಡ ಮನಸ್ಸಿನಿಂದ ಆಪರೇಷನ್ ರದ್ದು ಮಾಡಿದರು. ಅವರನ್ನು ಆಡಿಕೊಳ್ಳಲು ಹೊರಟ ನನ್ನ ಬಾಯಿ ಮುಚ್ಚಿಸಿದವರೂ ಮೇಡಂ ಅವರೇ. ಹೇಳದ ಹರಕೆ ಅವರಿಗೆ ಹೇಗೆ ಕಂಡೀತು ಎಂಬುದು ಅವರ ವಾದ.

ಎಲ್ಲ ಸುಖಾಂತವಾಯಿತು ಎಂದುಕೊಂಡು ನಾನು ನಗುತ್ತ ಹೊರಗೆ ಬಂದೆ. ಹೊರಗೆ ಹುಡುಗಿಯ ಚಿಕ್ಕಪ್ಪ ಗೋವರ್ಧನ ಕಾಯುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಮನೆಯ ಮಗ್ಗಗಳ ಯಜಮಾನಿಕೆ ಅವರದು. ಕೆಟ್ಟವರಲ್ಲ, ಆದರೆ ಮಾತು ಒರಟು. ಎಲುಬಿನ ಚೂರೂ ಇಲ್ಲ, ಮಡಿಸಿದರೂ ಏನೂ ಇಲ್ಲ ಅಂದ ಮೇಲೆ ಇನ್ನೇನು ನೋವು, ಮಗ್ಗದಲ್ಲಿ ಕೂರಲು ಸೋಮಾರಿತನ, ಇಷ್ಟು ದಿನ ನಮ್ಮನ್ನೆಲ್ಲ ಕುಣಿಸಿದಳು ಎಂದು ಎಲ್ಲರೆದುರಿಗೇ ಹೇಳಿಬಿಟ್ಟರು. ಅನ್ನಪೂರ್ಣಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಶ್ರುತಿ ಅಳಲಿಲ್ಲ. ಕುಂಟುತ್ತ ಮತ್ತೆ ಒಳಗೆ ಹೋಗಿ ಮೇಡಂ ಎದುರು ನಿಂತಳು.

“ಆ ಚೂರು ಇದ್ದಿದ್ರೇ ವಾಸಿ ಇತ್ತು ಮೇಡಂ. ಕಾಲು ಕುಯ್ದ್ರೂ ಕುಯ್ಲಿ, ನನ್ ನೊಪ್ಪಿ ನಿಜ ಅಂತಾದ್ರೂ ಆಗ್ತಿತ್ತು.”

ನೋವಿಗೆ ಅವಳು ತನ್ನ ಮನೆಮಾತಿನ ಪದವನ್ನೇ ಬಳಸಿದಳು. ಮೇಡಂಗೆ ತೆಲುಗು ಬಾರದು, ಆದರೂ ನಾನು ಅನುವಾದ ಮಾಡುವ ಅಗತ್ಯ ಬೀಳಲಿಲ್ಲ.

“ನಿನ್ನ ನೋವು ನಿಜ ಕಣಮ್ಮ,” ಅಂದರು ಮೇಡಂ. “ನಾನಿನ್ನೂ ಸರಿಯಾಗಿ ನೋಡಿಲ್ಲ, ಅಷ್ಟೆ.”

ಇಷ್ಟು ವರ್ಷದ ಸೇವೆಯಲ್ಲಿ, ಚಿತ್ರ ಚೆನ್ನಾಗಿದೆ ಎಂದ ಮೇಲೆ ರೋಗಿಯದೇ ತಪ್ಪೆನ್ನುವ ಎಷ್ಟೋ ಜನರನ್ನು ನೋಡಿದ್ದೇನೆ. ಚಿತ್ರ ಚೆನ್ನಾಗಿದ್ದರೆ ಚಿತ್ರ ತೆಗೆದವರದೇ ತಪ್ಪಿರಬೇಕು ಎಂದವರನ್ನು ಕಂಡದ್ದು ಅದೊಂದೇ ಸಲ. ನನಗೆ ಆ ಕ್ಷಣ ಅವರ ಕಾಲಿಗೆ ಬೀಳಬೇಕು ಅನ್ನಿಸಿತ್ತು, ನಾಚಿಕೆಯಿಂದ ಸುಮ್ಮನಾದೆ. ಈಗ ಬರೆದು ಒಪ್ಪಿಸಿದ್ದೇನೆ.

ಮರುವಾರ ರಜೆಯ ದಿನ ಮೇಡಂ ನನ್ನನ್ನು ಎಬ್ಬಿಸಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ನನ್ನ ಬಟ್ಟೆ ಒಗೆಯುವ ದಿನ ಹಾಳಾಯಿತೆಂದು ಗೊಣಗಿದೆ. ಅವರು ಕಡಲೆಕಾಯಿ ಬಿಡಿಸಿಕೊಡುತ್ತ ಕುಳಿತರು. ಅವರ ಚೀಲದಲ್ಲಿ ಫಿಲಂ ಪೆಟ್ಟಿಗೆಯ ಒಂದು ದಪ್ಪ ರಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ನೇಕಾರರ ಬೀದಿಯ ಆ ಮನೆಯಲ್ಲಿ ಶ್ರುತಿಯನ್ನು ಮಗ್ಗದಲ್ಲಿ ಕೂರಿಸಿ, ನೋವು ಬರುವವರೆಗೆ ನೇಯಿ ಎಂದರು. ತಾವು ನೆಲದ ಮೇಲೆ ಬೋರಲಾಗಿ ಮಲಗಿ ಗುಂಡಿಯೊಳಗೆ ಇಣುಕತೊಡಗಿದರು. ಸರ್ಕಾರಿ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಹೀಗೆ ನೆಲಕ್ಕೆ ಬಿದ್ದದ್ದು ಕಂಡು ಬೀದಿಯ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದರು.

ಗುಂಡಿ ಆಳವಾಗಿತ್ತು. ಹುಡುಗಿಯ ಪಾದಕ್ಕೆ ತುಳಿಯುವ ಹಲಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಅದಕ್ಕೆಂದು ಅವಳು ಮೊಣಕಾಲನ್ನು ಒಳಕ್ಕೆ ತಿರುಚಿ, ಕಾಲನ್ನು ಹೆಚ್ಚುಕಡಿಮೆ ನೆಟ್ಟಗೆ ಚಾಚಿ, ಬೆರಳ ತುದಿಯಿಂದ ತುಳಿಯುತ್ತಿದ್ದಳು. ನಾವು ಆಸ್ಪತ್ರೆಯಲ್ಲಿ ಚಿತ್ರ ತೆಗೆದದ್ದು ಕಾಲು ಪೂರಾ ನೆಟ್ಟಗಿದ್ದಾಗ, ಆಮೇಲೆ ಪೂರಾ ಮಡಿಸಿದಾಗ. ಅವಳಿಗೆ ನೋಯುತ್ತಿದ್ದದ್ದು ಎರಡರ ನಡುವೆ, ಸ್ವಲ್ಪವೇ ಮಡಿಸಿದ ಒಂದು ಭಂಗಿಯಲ್ಲಿ. ಈಗ ಬಂತು ಎಂದು ಶ್ರುತಿ ಹಲ್ಲು ಕಚ್ಚಿದ ಕೂಡಲೇ ಮೇಡಂ ಅಲುಗಬೇಡ ಎಂದು ಕೂಗಿ, ಆ ರಟ್ಟನ್ನು ಅವಳ ತೊಡೆ ಮತ್ತು ಕಾಲಿಗೆ ಒತ್ತಿ ಹಿಡಿದು, ಅದೇ ಬಾಗಿಗೆ ಮಡಿಸಿಕೊಂಡರು. ಮೊಳಕಾಲ್ಮೂರಿನಿಂದ ನಾವು ತಂದದ್ದು ಆ ಮಡಿಸಿದ ರಟ್ಟು ಮಾತ್ರ. ಅನ್ನಪೂರ್ಣಮ್ಮ ಊಟಕ್ಕೆ ನಿಲ್ಲಿಸಿಕೊಂಡದ್ದರಿಂದ ನನ್ನ ಸಿಟ್ಟೂ ಅಲ್ಲಿಯೇ ಉಳಿಯಿತು.

ಮರುದಿನ ತಾಯಿ ಮಗಳ ಜೊತೆ ಗೋವರ್ಧನರೂ ಬಂದರು. ಕಲ್ಲೇಶಪ್ಪನವರು ಮೇಜಿನ ತುದಿಯಲ್ಲಿ ಮರಳಿನ ಚೀಲ ಪೇರಿಸಿ, ರಟ್ಟಿನ ಬಾಗಿಗೆ ಸರಿಯಾಗಿ ಹುಡುಗಿಯ ಎರಡೂ ಮೊಣಕಾಲು ಇಳಿಬಿಟ್ಟು, ಕಿರಣ ತೊಡೆಯ ಉದ್ದಕ್ಕೆ ಹಾಯ್ದು ಚಿಪ್ಪನ್ನು ಮೇಲಿನಿಂದ ನೋಡುವ ಹಾಗೆ ಯಂತ್ರವನ್ನು ಓರೆಮಾಡಿದರು. ಡಾರ್ಕ್ ರೂಮಿನಿಂದ ಹಸಿ ಫಿಲಂ ಬಂದಾಗ ಎಲ್ಲರೂ ದೀಪದ ಪೆಟ್ಟಿಗೆಯ ಸುತ್ತ ಸೇರಿದೆವು. ಎಡಗಾಲಿನ ಚಿಪ್ಪು ತೊಡೆಯೆಲುಬಿನ ತುದಿಯ ಹಳ್ಳದ ಮಧ್ಯಕ್ಕೆ ಇತ್ತು. ಬಲಗಾಲಿನದು, ಬಾವಿಯ ರಾಟೆಯಿಂದ ಹಗ್ಗ ಜಾರುವಾಗ ಇರುತ್ತದಲ್ಲ, ಹಾಗೆ ಹೊರಮಗ್ಗುಲಿಗೆ ವಾಲಿ, ಅಂಚನ್ನು ಉಜ್ಜಿಕೊಂಡು ನಿಂತಿತ್ತು. ಓದುಬರಹ ಬಾರದವರಿಗೂ ಅದು ಕಾಣುವಂತಿತ್ತು. ಶ್ರುತಿ ಆಗ ಅತ್ತಳು. ನೋಡಿದ್ರಾ, ನೋಡಿದ್ರಾ ಎಂದು ಯಾರನ್ನೋ ಕೇಳುವವಳಂತೆ ಹೇಳುತ್ತ ಬಹಳ ಹೊತ್ತು ಅತ್ತಳು.

ಗುಂಡಿಯ ಆಳವನ್ನು ಮೇಡಂ ವಿವರಿಸಿದರು. ಗೋವರ್ಧನರು ಚಿತ್ರದಿಂದ ಕಣ್ಣು ತೆಗೆಯದೆ, “ನಮ್ಮಣ್ಣ ಎತ್ತರ ಇದ್ದ ಮೇಡಂ,” ಅಂದರು.

ಅಣ್ಣ ತನ್ನ ಅಳತೆಗೆ ತೋಡಿಕೊಂಡ ಗುಂಡಿಯನ್ನು ಮುಟ್ಟಲು ಅನ್ನಪೂರ್ಣಮ್ಮನಿಗೆ ಮನಸ್ಸಿರಲಿಲ್ಲ. ಗೋವರ್ಧನರೇ ಅತ್ತಿಗೆಯ ಮನವೊಲಿಸಿ, ತಾವೇ ಮಣ್ಣು ತುಂಬಿ, ಚಪ್ಪಡಿ ಹಾಸಿ, ಹಲಗೆಯನ್ನು ಹುಡುಗಿಯ ಪಾದಕ್ಕೆ ಎಟುಕುವಂತೆ ಎತ್ತರಿಸಿದರು. ತೊಡೆಯ ಒಳಮಗ್ಗುಲ ಸ್ನಾಯು ಬಲಗೊಳ್ಳುವ ವ್ಯಾಯಾಮವನ್ನು ನಾನು ಹೇಳಿಕೊಟ್ಟೆ, ಮಾಡದಿದ್ದರೆ ಬೈದೆ. ಪವಾಡವೇನೂ ನಡೆಯಲಿಲ್ಲ. ಎಷ್ಟೋ ತಿಂಗಳು ಹಿಡಿಯಿತು, ಮಧ್ಯೆ ಒಮ್ಮೆ ಕಾಲು ಊದಿಕೊಂಡು ಮತ್ತೆ ಬಂದಳು. ಆದರೆ ಚಾಕು ತಾಗಲಿಲ್ಲ, ಚಿಪ್ಪು ಉಳಿಯಿತು, ಮಗ್ಗದ ಮೇಲಿದ್ದ ಸೀರೆಯನ್ನು ಅವಳೇ ನೇಯ್ದು ಇಳಿಸಿದಳು. ಹರಕೆಯೂ ಅಲ್ಲಿಗೆ ತೀರಿತು.

ಆ ಮೇಲೆ ನೇಕಾರರ ಬೀದಿಯಿಂದ ಒಬ್ಬೊಬ್ಬರಾಗಿ ಬರತೊಡಗಿದರು. ಮೇಡಂ ಆ ರಟ್ಟಿನ ಜಾಗದಲ್ಲಿ ಬಡಗಿಯಿಂದ ಬೇರೆ ಬೇರೆ ಬಾಗಿನ ಮರದ ಆಸರೆಗಳನ್ನು ಮಾಡಿಸಿದರು. ಮಗ್ಗಕ್ಕೊಂದು, ಕಡಲೆಕಾಯಿಗೊಂದು, ಕುರಿಯವರಿಗೊಂದು ಎಂದು ಕಲ್ಲೇಶಪ್ಪನವರು ಅವಕ್ಕೆ ಹೆಸರಿಟ್ಟರು. ಫಿಲಂ ಬಹಳ ಖರ್ಚಾಗುತ್ತದೆ ಎಂಬ ಮೇಲಧಿಕಾರಿಗಳ ಆಕ್ಷೇಪಣೆಗೆ ಮೇಡಂ ಉತ್ತರ ಬರೆದದ್ದೂ ಬರೆದದ್ದೇ. ಮುಂದೆ ಎರಡು ಸಾವಿರದ ದಶಕದಲ್ಲಿ ದೊಡ್ಡ ಊರುಗಳಿಂದ ಎಂ.ಆರ್.ಐ. ಹಾಳೆಗಳು ಬರತೊಡಗಿದಾಗ ಅವನ್ನೂ ಆಸೆಯಿಂದ ಓದಿ ಕಲಿತರು, ನಮಗೂ ಕಲಿಸಿದರು. ಆದರೆ ಹಾಳೆ ಬಿಡಿಸುವ ಮೊದಲು ಕೇಳುವ, ಏನು ಮಾಡುವಾಗ ನೋಯುತ್ತದೆ ಎಂಬ ಪ್ರಶ್ನೆ ಬದಲಾಗಲಿಲ್ಲ. ನನ್ನ ತಾಯಿ ಹಾಸಿಗೆ ಹಿಡಿದಿದ್ದಾಗ ಮೇಡಂ ಹೇಳದೆ ಕೇಳದೆ ನನ್ನ ಪಾಳಿಗಳನ್ನು ತಾವೇ ಸರಿಹೊಂದಿಸಿ, ದಿನವೂ ಬೇಗ ಮನೆಗೆ ಅಟ್ಟುತ್ತಿದ್ದುದನ್ನು ಇಲ್ಲಿ ಬರೆಯದಿದ್ದರೆ ನನಗೆ ಒಳ್ಳೆಯದಾಗಲಾರದು.

ಕಳೆದ ವಾರ ಮೊಳಕಾಲ್ಮೂರಿನ ನೇಕಾರರು ಮೇಡಂ ಅವರನ್ನು ಕರೆಸಿ ಸೀರೆ ಉಡಿಸಿ ಸನ್ಮಾನಿಸಿದರು. ಶ್ರುತಿ ಈಗ ಎರಡು ಮಕ್ಕಳ ತಾಯಿ. ತನ್ನ ಮಗ್ಗದಲ್ಲಿ ಇನ್ನಿಬ್ಬರು ಹೆಣ್ಣುಮಕ್ಕಳಿಗೆ ನೇಯ್ಗೆ ಕಲಿಸುತ್ತಿದ್ದಾಳೆ. ಚಳಿಗಾಲದಲ್ಲಿ ಈಗಲೂ ಮೊಣಕಾಲು ನೋಯುತ್ತದಂತೆ. ಮಾತನಾಡಿ ಎಂದು ಎಲ್ಲರೂ ಒತ್ತಾಯಿಸಿದಾಗ ಗೋವರ್ಧನರು ಎದ್ದುನಿಂತರು. ಕೂದಲೆಲ್ಲ ನರೆತಿದೆ, ಒರಟುತನ ಹಾಗೆಯೇ ಇದೆ. ಭಾಷಣ ನನಗೆ ಬರೋದಿಲ್ಲ ಎಂದು ಹೇಳಿ, ಮೇಡಂ ಕಡೆ ತಿರುಗಿ ಕೈಮುಗಿದರು.

“ಈಗ ನಮ್ ಮನೇಲಿ ಯಾವ ಹೆಣ್ಮಗಳು ಮೊಣಕಾಲು ನೋಯ್ತೈತೆ ಅಂದ್ರೂ, ಫೋಟೋ ತೆಗ್ಸೋಕ್ ಮುಂಚೆನೇ ನಂಬ್ತೀವ್ರಿ ಮೇಡಂ.”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಂತೆ, ಇನ್ನು ನಾನು ನಿವೃತ್ತಿಯಾಗಬಹುದು ಕಣೆ ಪುಷ್ಪ ಅಂದರು.

ಆಗಲಿ. ಆದರೆ ವಾರಕ್ಕೊಂದು ದಿನವಾದರೂ ಬಂದು ಹೊಸಬರ ಕೈಯಲ್ಲಿರುವ ಕವರು ಕಿತ್ತುಕೊಂಡು ನೋಡುವುದಾಗಿ ಅವರು ಕೊಟ್ಟ ಮಾತನ್ನು ನಾನು ಮರೆಯುವವಳಲ್ಲ. ಈ ಸೀಮೆಯ ಕಾಲುಗಳಿಗೆ ಅವರ ಕಣ್ಣು ಇನ್ನೂ ಬಹುಕಾಲ ಬೇಕು. ಅದಕ್ಕೆ ಬೇಕಾದಷ್ಟು ಆಯುಸ್ಸನ್ನೂ ಆರೋಗ್ಯವನ್ನೂ ದೇವರು ಅವರಿಗೆ ಧಾರಾಳವಾಗಿ ಕರುಣಿಸಲಿ. ಇಷ್ಟು ವರ್ಷ ಸಿಮೆಂಟು ನೆಲದ ಮೇಲೆ ನಿಂತೇ ದುಡಿದ ಮೇಡಂ, ಮೆಟ್ಟಿಲು ಹತ್ತುವಾಗ ಈಚೆಗೆ ಗೋಡೆ ಹಿಡಿಯುತ್ತಾರೆ. ಕೇಳಿದರೆ ಏನೂ ಇಲ್ಲ ಎನ್ನುತ್ತಾರೆ. ಇನ್ನಾದರೂ ನೋಯುತ್ತದೆ ಎಂದು ಬಾಯಿಬಿಟ್ಟು ಹೇಳಲಿ. ನಾವು ನಂಬುತ್ತೇವೆ.